ಕತ್ತಲಾದ ಮೇಲೆ ವೆನಿಸ್: ನೀರು, ಕಲ್ಲು, ಗೋಡೆ ನೋಡಿಕೊಂಡು ನಡೆಯುವ ಬಗೆ

ವೆನಿಸ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಬೆಳಿಗ್ಗೆ ರೈಲಿನಲ್ಲಿ ಬಂದು, ಸಾನ್ ಮಾರ್ಕೊ ಚೌಕ, ರಿಯಾಲ್ತೊ ಸೇತುವೆ ಎರಡನ್ನೂ ಜನಜಂಗುಳಿಯ ನಡುವೆ ನೋಡಿ, ಸಂಜೆ ಹೊತ್ತಿಗೆ ಸುಸ್ತಾಗಿ ವಾಪಸ್ ಹೊರಟುಬಿಡುತ್ತಾರೆ. ಅವರು ಹೊರಟ ಮೇಲೆಯೇ ಊರು ಸರಿಯಾಗಿ ಕಾಣತೊಡಗುವುದು. ಕಾರು, ಬೈಕು, ಸೈಕಲ್ ಯಾವುದೂ ಇಲ್ಲದ ಊರಿನಲ್ಲಿ ರಾತ್ರಿ ಹತ್ತರ ನಂತರ ಕೇಳುವುದು ಹೆಜ್ಜೆ ಸಪ್ಪಳ ಮತ್ತು ನೀರಿನ ಸದ್ದು ಮಾತ್ರ. ಆದರೆ ಹಗಲಿನಲ್ಲಿ ಜನರ ಹಿಂದೆ ಹೋದರೆ ಸಾಕಾಗುತ್ತಿತ್ತು, ರಾತ್ರಿ ದಾರಿಯನ್ನು ನೀವೇ ಹುಡುಕಿಕೊಳ್ಳಬೇಕು. ಅದಕ್ಕೆ ಮೂರು ಸಂಗತಿ ಗೊತ್ತಿದ್ದರೆ ಸಾಕು: ನೀರು ಎಷ್ಟು ಎತ್ತರದಲ್ಲಿದೆ, ಕಲ್ಲು ಎಲ್ಲಿಗೆ ಮುಗಿಯುತ್ತದೆ, ಗೋಡೆಯ ಮೇಲೆ ಏನು ಬರೆದಿದೆ. ಫೋನು ನಾಲ್ಕನೆಯದು.

ಯಾವ ಹೊತ್ತಿಗೆ ಹೊರಡಬೇಕು

ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9ರ ಸುಮಾರಿಗೆ. ಡಿಸೆಂಬರಿನಲ್ಲಿ ಸಂಜೆ 4:30ಕ್ಕೇ ಕತ್ತಲಾಗತೊಡಗುತ್ತದೆ. ಹಾಗಾಗಿ ‘ರಾತ್ರಿ ಸುತ್ತಾಟ’ ಅನ್ನುವುದು ಬೇಸಿಗೆಯಲ್ಲಿ 8:30ಕ್ಕೆ ಶುರುವಾಗಿ ನಡುರಾತ್ರಿ ದಾಟುತ್ತದೆ, ಚಳಿಗಾಲದಲ್ಲಿ 6ಕ್ಕೆ ಶುರುವಾಗಿ 10ಕ್ಕೆ ಮುಗಿದರೂ ಹೊಟ್ಟೆ ತುಂಬ ಕತ್ತಲು ಸಿಗುತ್ತದೆ. ಜೊತೆಗೆ ವಯಸ್ಸಾದವರು, ಮಕ್ಕಳು ಇದ್ದರೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲವೇ ಸಲೀಸು. ನಿದ್ದೆಗೆಡದೆ ರಾತ್ರಿಯ ಊರು ನೋಡಬಹುದು. ಚಳಿ ಮತ್ತು ನೀರು ಉಕ್ಕುವ ಸಾಧ್ಯತೆ ಎರಡಕ್ಕೂ ಸಿದ್ಧರಿರಬೇಕು ಅಷ್ಟೇ.

ಒಂದು ಲಾಭವೂ ಇದೆ. ಒಂದೇ ದಿನಕ್ಕೆ ಬಂದು ಹೋಗುವವರಿಂದ ನಗರಸಭೆ 2024ರಲ್ಲಿ ಪ್ರವೇಶ ಶುಲ್ಕ ವಸೂಲಿ ಶುರು ಮಾಡಿತು. ಅದು ವಸಂತ ಮತ್ತು ಬೇಸಿಗೆಯ ನಿಗದಿತ ದಿನಗಳಲ್ಲಿ ಬೆಳಿಗ್ಗೆ 8:30ರಿಂದ ಸಂಜೆ 4ರವರೆಗೆ ಮಾತ್ರ ಅನ್ವಯ. ಸಂಜೆ 4ರ ನಂತರ ಬರುವವರಿಗೆ ಶುಲ್ಕವಿಲ್ಲ. ವೆನಿಸ್‌ನಲ್ಲೋ ಅದೇ ನಗರಸಭೆಗೆ ಸೇರಿದ ಮೇಸ್ತ್ರೆಯಲ್ಲೋ ಹೋಟೆಲು ಮಾಡಿದವರು ಶುಲ್ಕ ಕಟ್ಟಬೇಕಿಲ್ಲ, ಆದರೆ ವಿನಾಯಿತಿಗೆ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಬೇಕು. ದಿನಗಳ ಪಟ್ಟಿ ವರ್ಷವರ್ಷಕ್ಕೂ ಬದಲಾಗುತ್ತದೆ, ಹೊರಡುವ ಮುಂಚೆ ನಗರಸಭೆಯ ತಾಣದಲ್ಲಿ ನೋಡಿಕೊಳ್ಳಿ.

ನೀರಿನ ಮಟ್ಟ: ಹೊರಡುವ ಮುಂಚಿನ ಮೊದಲ ಕೆಲಸ

ಊರಿನ ಉಬ್ಬರವಿಳಿತ ಕೇಂದ್ರ ಪ್ರತಿದಿನ ಮುಂದಿನ ದಿನಗಳ ಅಂದಾಜು ಕೊಡುತ್ತದೆ. ‘ಹೈ ಟೈಡ್ ವೆನೀಸ್’ ಅನ್ನುವ ಆ್ಯಪ್‌ನಲ್ಲೂ ಅದು ಸಿಗುತ್ತದೆ. ಅಲ್ಲಿ ಕಾಣುವ ಸೆಂಟಿಮೀಟರ್ ಲೆಕ್ಕವನ್ನು ಅಪಾರ್ಥ ಮಾಡಿಕೊಳ್ಳುವವರೇ ಹೆಚ್ಚು. ‘100 ಸೆಂ.ಮೀ.’ ಎಂದರೆ ರಸ್ತೆಯಲ್ಲಿ ಎದೆಮಟ್ಟ ನೀರು ಎಂದಲ್ಲ. 1897ರಲ್ಲಿ ಸಲೂತೆ ಚರ್ಚಿನ ಬಳಿ ಗುರುತಿಸಿದ ಸಮುದ್ರಮಟ್ಟವನ್ನು ಸೊನ್ನೆ ಎಂದು ಹಿಡಿದು ಅಳೆಯುವ ಎತ್ತರ ಅದು. ಊರಿನ ಹೆಚ್ಚಿನ ನೆಲ ಅದಕ್ಕಿಂತ ಒಂದು ಮೀಟರಿಗೂ ಮೇಲಿದೆ. ಅಂದಾಜಿಗೆ ಇಷ್ಟು ನೆನಪಿಟ್ಟುಕೊಳ್ಳಿ: 80 ಸೆಂ.ಮೀ. ದಾಟಿದರೆ ಸಾನ್ ಮಾರ್ಕೊ ಚೌಕದ ತಗ್ಗಿನ ಭಾಗದಲ್ಲಿ ನೀರು ನಿಲ್ಲತೊಡಗುತ್ತದೆ. 110 ಆದರೆ ಊರಿನ ಸುಮಾರು ಶೇ. 12ರಷ್ಟು ನೆಲ ಒದ್ದೆಯಾಗುತ್ತದೆ. 2019ರ ನವೆಂಬರ್ 12ರ ರಾತ್ರಿ ನೀರು 187ಕ್ಕೆ ಏರಿತ್ತು. ದಾಖಲೆ 1966ರ ನವೆಂಬರ್ 4ರದು, 194.

‘ಈಗ ಮೋಸೆ ತಡೆಗೋಡೆ ಬಂದಿದೆಯಲ್ಲ, ಇನ್ನು ನೀರು ಬರುವುದಿಲ್ಲ’ ಎಂದು ನಂಬಿ ಬಟ್ಟೆ ಬೂಟಿನಲ್ಲಿ ಹೋಗುವವರು ಪೇಚಿಗೆ ಸಿಲುಕುತ್ತಾರೆ. ಊರನ್ನು ಸುತ್ತುವರಿದ ಲಗೂನು ಎಂಬ ಹಿನ್ನೀರು ಸಮುದ್ರ ಸೇರುವ ಮೂರು ಬಾಯಿಗಳಲ್ಲಿ, ಅಂದರೆ ಲಿದೊ, ಮಲಮೊಕ್ಕೊ, ಕಿಯೊಜ್ಜಾಗಳಲ್ಲಿ, ಕೂರಿಸಿರುವ 78 ಉಕ್ಕಿನ ಗೇಟುಗಳ ಈ ವ್ಯವಸ್ಥೆ 2020ರ ಅಕ್ಟೋಬರ್ 3ರಂದು ಮೊದಲ ಬಾರಿ ನಿಜವಾದ ಉಬ್ಬರವನ್ನು ತಡೆಯಿತು. ಆದರೆ ಅದನ್ನು ಎತ್ತುವುದು ಸಾಮಾನ್ಯವಾಗಿ ನೀರು 110ರ ಸುಮಾರಿಗೆ ಏರುವ ಅಂದಾಜಿದ್ದಾಗ. ಪ್ರತಿ ಸಣ್ಣ ಉಬ್ಬರಕ್ಕೂ ಎತ್ತಿದರೆ ಬಂದರಿನ ಹಡಗುಗಳು ನಿಲ್ಲಬೇಕಾಗುತ್ತದೆ, ಖರ್ಚೂ ಹೆಚ್ಚು. ಹಾಗಾಗಿ 85ರಿಂದ 105ರವರೆಗಿನ ಉಬ್ಬರ ಈಗಲೂ ಸಾನ್ ಮಾರ್ಕೊಗೆ ಬರಬಹುದು. 2022ರಲ್ಲಿ ಚೌಕದ ಬಸಿಲಿಕಾ ಚರ್ಚಿನ ಸುತ್ತ ಗಾಜಿನ ತಡೆ ಹಾಕಿದ ಮೇಲೆ ಚರ್ಚಿನ ಒಳಗೆ ನೀರು ಹೋಗುವುದು ನಿಂತಿದೆ, ಚೌಕದ ಮಾತು ಬೇರೆ. ಅಲ್ಲಿ ನೀರು ದಂಡೆ ದಾಟಿ ಹರಿದು ಬರುವುದಕ್ಕಿಂತ ಮೊದಲೇ ನೆಲದ ಚರಂಡಿ ತೂತುಗಳಿಂದ ಬುಗ್ಗೆಯ ಹಾಗೆ ಮೇಲೇಳುತ್ತದೆ.

ಅಂದಾಜು 80ರ ಒಳಗಿದ್ದರೆ ಯೋಚನೆ ಬೇಡ. 80ರಿಂದ 105ರ ನಡುವೆ ಇದ್ದರೆ ಉಬ್ಬರದ ತುದಿ ಎಷ್ಟು ಗಂಟೆಗೆ ಎಂದು ನೋಡಿ, ಸಾನ್ ಮಾರ್ಕೊವನ್ನು ಅದಕ್ಕಿಂತ ಎರಡು ಗಂಟೆ ಹಿಂದೆ ಅಥವಾ ಮುಂದೆ ಇಟ್ಟುಕೊಳ್ಳಿ. ಒಂದು ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ನೆಲದ ಮೇಲೆ ನೀರು ನಿಲ್ಲುವುದು ತುದಿಯ ಆಚೀಚೆ ಕೆಲವೇ ಗಂಟೆ. ಇನ್ನು ಬೇಕೆಂದೇ ನೀರು ನೋಡಬೇಕು ಅನ್ನುವವರು 85–90ರ ರಾತ್ರಿ ಹೋಗಲಿ: ಚೌಕದ ನಡುವೆ ಪಾದ ಮುಳುಗುವಷ್ಟು ನೀರಲ್ಲಿ ಕಮಾನುಗಳ ದೀಪವೆಲ್ಲ ತಲೆಕೆಳಗಾಗಿ ಕಾಣುತ್ತದೆ, ಸುತ್ತಲ ಮಂಟಪದಡಿ ನೆಲ ತುಸು ಎತ್ತರವಿರುವುದರಿಂದ ಒಣಗಿದ ಜಾಗವೂ ಸಿಗುತ್ತದೆ. ಮೊಣಕಾಲವರೆಗಿನ ರಬ್ಬರ್ ಬೂಟಿದ್ದರೆ ಒಳ್ಳೆಯದು. ಬೀದಿಯಲ್ಲಿ ಮಾರುವ ಬಣ್ಣದ ಪ್ಲಾಸ್ಟಿಕ್ ಬೂಟು ಮುಸುಕುಗಳ ಅಡಿಭಾಗ ಜಾರುತ್ತದೆ, ಮೆಟ್ಟಿಲ ಮೇಲೆ ಜೋಪಾನ. ನಗರಸಭೆ ಹಾಕುವ ಮರದ ಹಲಗೆ ದಾರಿಯ ಮೇಲೆ ಬಲಗಡೆ ಹಿಡಿದು ನಡೆಯಿರಿ, ಫೋಟೊಗೆಂದು ನಿಲ್ಲಬೇಡಿ.

ನೀರು ಉಕ್ಕುವ ಕಾಲ ಮುಖ್ಯವಾಗಿ ಅಕ್ಟೋಬರ್‌ನಿಂದ ಜನವರಿ. ದಕ್ಷಿಣದಿಂದ ಬೀಸುವ ಶಿರೊಕ್ಕೊ ಗಾಳಿ ಏಡ್ರಿಯಾಟಿಕ್ ಸಮುದ್ರದ ನೀರನ್ನು ಉತ್ತರದ ಮೂಲೆಗೆ ತಳ್ಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ಅದರ ಜೊತೆ ಸೇರಿದರೆ ಮಟ್ಟ ಏರುತ್ತದೆ. ದೊಡ್ಡ ಉಬ್ಬರದ ಮುನ್ಸೂಚನೆ ಇದ್ದರೆ ಊರಿಡೀ ಸೈರನ್ ಕೂಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಇದರ ಉಲ್ಟಾ ಕೂಡ ಆಗುವುದುಂಟು: ನೀರು ತೀರ ಇಳಿದು ಸಣ್ಣ ಕಾಲುವೆಗಳ ಕೆಸರು ಮೇಲೆ ಕಾಣುತ್ತದೆ, ದೋಣಿಗಳು ತಳಕ್ಕೆ ಕೂರುತ್ತವೆ, ವಾಸನೆಯೂ ಬರುತ್ತದೆ.

ಆ್ಯಪ್ ಇಲ್ಲದೆಯೂ ಮಟ್ಟ ತಿಳಿಯಬಹುದು. ಕಾಲುವೆ ಬದಿಯ ಯಾವುದೇ ಗೋಡೆಗೆ ಟಾರ್ಚು ಬಿಡಿ. ಕಡುಹಸಿರು ಪಾಚಿ ಒಂದು ಗೆರೆಗೆ ನಿಂತು ಮೇಲೆ ಬರಿಯ ಕಲ್ಲೋ ಇಟ್ಟಿಗೆಯೋ ಶುರುವಾಗುತ್ತದೆ. ಆ ಗೆರೆ ಮಾಮೂಲಿ ಉಬ್ಬರದ ಮಟ್ಟ. ನೀರು ಅದಕ್ಕಿಂತ ಕೆಳಗಿದ್ದರೆ ನೆಮ್ಮದಿ, ಗೆರೆ ಮುಳುಗಿದ್ದರೆ ಸಾನ್ ಮಾರ್ಕೊ ಕಡೆ ಹೋಗುವ ಮುಂಚೆ ಫೋನ್ ತೆಗೆಯಿರಿ.

ಬಿಳಿ ಕಲ್ಲು, ಬೂದು ಕಲ್ಲು

ಈ ಊರಿನ ರಾತ್ರಿಯಲ್ಲಿ ಕಳ್ಳರ ಭಯಕ್ಕಿಂತ ಕಾಲು ಜಾರುವ ಭಯ ದೊಡ್ಡದು. ನೀರಿನ ಬದಿಯ ದಾರಿಗಳಲ್ಲಿ ಎಷ್ಟೋ ಕಡೆ ಕಟಕಟೆ ಇಲ್ಲ. ನಡೆಯುವ ದಾರಿಗೆ ಹಾಸಿರುವುದು ಪಾದುವಾ ಹತ್ತಿರದ ಯೂಗನಿಯ ಬೆಟ್ಟಗಳ ಬೂದು ಬಣ್ಣದ ಟ್ರಾಕೈಟ್ ಕಲ್ಲು. ಅದು ಒರಟು, ಒದ್ದೆಯಾದರೂ ಹಿಡಿತ ಕೊಡುತ್ತದೆ. ದಾರಿಯ ಅಂಚಿಗೆ, ಸೇತುವೆ ಮೆಟ್ಟಿಲುಗಳ ಮೂಗಿಗೆ ಕೂರಿಸಿರುವುದು ಇಸ್ತ್ರಿಯಾ ಪ್ರಾಂತ್ಯದ ಬಿಳಿ ಸುಣ್ಣಕಲ್ಲು. ಉಪ್ಪುನೀರನ್ನು ತಡೆಯುವ ಗುಣಕ್ಕಾಗಿ ಅದನ್ನು ಅಲ್ಲಿ ಬಳಸಿದರು, ಆದರೆ ಶತಮಾನಗಳ ಕಾಲ ಜನ ತುಳಿದು ನುಣುಪಾಗಿದೆ, ಮಂಜು ಬಿದ್ದ ರಾತ್ರಿ ಸೋಪಿನಂತೆ ಜಾರುತ್ತದೆ. ರಾತ್ರಿ ನಡೆಯುವವರಿಗೆ ಇದರಲ್ಲೇ ಒಂದು ಸೂಚನೆಯಿದೆ. ಮಂದ ಬೆಳಕಲ್ಲೂ ಬಿಳಿ ಪಟ್ಟಿ ಎದ್ದು ಕಾಣುತ್ತದೆ. ಪಟ್ಟಿ ಕಂಡಲ್ಲಿ ಒಂದೋ ಮೆಟ್ಟಿಲಿದೆ, ಇಲ್ಲವೇ ನೆಲ ಮುಗಿದಿದೆ. ಕಾಲಿಡುವುದು ಬೂದು ಕಲ್ಲಿನ ಮೇಲೆ, ಬಿಳಿ ಪಟ್ಟಿಯಿಂದ ಒಂದು ಹೆಜ್ಜೆ ಒಳಗೆ. ಮಕ್ಕಳಿಗೆ ಈ ಒಂದು ನಿಯಮ ಹೇಳಿಕೊಟ್ಟರೆ ಅವರೇ ಪಾಲಿಸುತ್ತಾರೆ.

ನೀರಿಗೆ ಇಳಿಯುವ ದೋಣಿಕಟ್ಟೆಯ ಮೆಟ್ಟಿಲುಗಳ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ. ದಿನಕ್ಕೆ ಎರಡು ಸಲ ಉಬ್ಬರ ಬಂದು ಕೆಳಗಿನ ಮೆಟ್ಟಿಲು ಮುಳುಗಿ ಏಳುತ್ತವೆ, ಹಾಗಾಗಿ ತೆಳ್ಳನೆಯ ಪಾಚಿ ಸದಾ ಇರುತ್ತದೆ, ಕತ್ತಲಲ್ಲಿ ಅದು ಕಾಣುವುದಿಲ್ಲ. ಕಪ್ಪಾಗಿ ಹೊಳೆಯುವ ಮೆಟ್ಟಿಲನ್ನು ತುಳಿಯಲೇ ಬೇಡಿ. ಯಾರಾದರೂ ಬಿದ್ದರೆ ಗೋಡೆ ಹಿಡಿದು ಹತ್ತಲು ಹೋಗಬಾರದು, ಕೈ ಜಾರುತ್ತದೆ. ಹತ್ತಿರದ ಮೆಟ್ಟಿಲೋ ಕಟ್ಟಿದ ದೋಣಿಯೋ ನೋಡಿ ಅತ್ತ ಸರಿಯಬೇಕು, ಮೇಲಿದ್ದವರು 112ಕ್ಕೆ ಕರೆ ಮಾಡಬೇಕು.

ಇನ್ನೊಂದು ಬಲೆ: ನೆಟ್ಟಗೆ ಹೋಗಿ ನೀರಿನಲ್ಲಿ ಮುಗಿಯುವ ಓಣಿಗಳು. ಅವು ಹಿಂದೆ ದೋಣಿ ಹತ್ತಲು ಬಳಸುತ್ತಿದ್ದ ದಾರಿಗಳು, ತುದಿಯಲ್ಲಿ ಕಟಕಟೆ ಇರುವುದು ಕಡಿಮೆ. ಓಣಿಯ ಕೊನೆಯ ಗೋಡೆ ಅಥವಾ ಮಾಳಿಗೆಯ ತಳದಲ್ಲಿ ಬೆಳಕು ಅಲುಗಾಡುತ್ತಿದ್ದರೆ ಅದು ನೀರಿನಿಂದ ಪ್ರತಿಫಲಿಸಿದ ಬೆಳಕು. ಅಲ್ಲಿಗೆ ನಿಧಾನ ಮಾಡಿ. ಫೋನ್ ನೋಡುತ್ತ ನಡೆಯುವವರು ಬೀಳುವುದು ಇಂಥ ಕಡೆಯೇ. ದಾರಿ ನೋಡಬೇಕಾದರೆ ನಿಲ್ಲಿ, ನೋಡಿ, ಫೋನ್ ಜೇಬಿಗಿಟ್ಟು ನಡೆಯಿರಿ.

ಗೋಡೆಯ ಮೇಲಿನ ಹೆಸರುಗಳು

ಊರು ಆರು ಭಾಗ: ಕನ್ನರೆಜೊ, ಕಸ್ತೆಲ್ಲೊ, ಸಾನ್ ಮಾರ್ಕೊ, ದೊರ್ಸೊದೂರೊ, ಸಾನ್ ಪೋಲೊ, ಸಾಂತಾ ಕ್ರೋಚೆ. ಮನೆ ನಂಬರು ಬೀದಿಗೆ ಸೇರಿದ್ದಲ್ಲ, ಇಡೀ ಭಾಗಕ್ಕೆ ಸೇರಿದ್ದು. ಹಾಗಾಗಿ ‘ಕಸ್ತೆಲ್ಲೊ 4200’ ಎಂದಷ್ಟೇ ಬರೆದುಕೊಂಡು ಹೋದರೆ ರಾತ್ರಿ ಹನ್ನೊಂದಕ್ಕೆ ಹೋಟೆಲು ಸಿಗುವುದಿಲ್ಲ. ಓಣಿಯ ಹೆಸರು, ಹತ್ತಿರದ ಚೌಕ, ಹತ್ತಿರದ ದೋಣಿ ನಿಲ್ದಾಣ ಮೂರನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಒಂದೇ ಹೆಸರಿನ ಓಣಿಗಳು ಬೇರೆ ಬೇರೆ ಭಾಗಗಳಲ್ಲಿ ಇವೆ. ‘ಕಲ್ಲೆ ದೆಲ್ ಫೋರ್ನೊ’ ಎಂದು ನಕ್ಷೆಯಲ್ಲಿ ಹುಡುಕಿದರೆ ಅದು ಊರಿನ ಇನ್ನೊಂದು ತುದಿಗೆ ಕರೆದೊಯ್ಯಬಹುದು.

ಹೆಸರುಗಳನ್ನು ಗೋಡೆಯ ಮೇಲೆ ಬಿಳಿ ಚೌಕದೊಳಗೆ ಕಪ್ಪು ಅಕ್ಷರದಲ್ಲಿ ಬರೆದಿರುತ್ತಾರೆ. ಕಲ್ಲೆ ಎಂದರೆ ಓಣಿ, ಕಾಂಪೊ ಎಂದರೆ ಚರ್ಚಿನ ಮುಂದಿನ ಬಯಲು, ರಿಯೊ ಎಂದರೆ ಸಣ್ಣ ಕಾಲುವೆ, ಫೊಂದಮೆಂತಾ ಎಂದರೆ ಕಾಲುವೆ ಬದಿಯ ದಾರಿ. ರಾತ್ರಿಗೆ ಮುಖ್ಯವಾದವು ಇನ್ನು ಮೂರು. ‘ಕೋರ್ತೆ’ ಎಂದಿದ್ದರೆ ಹೆಚ್ಚಾಗಿ ಅದು ಮನೆಗಳ ಅಂಗಳ, ಆಚೆ ದಾರಿ ಇಲ್ಲ. ಅಲ್ಲಿ ಜನ ಮಲಗಿರುತ್ತಾರೆ, ಹಿಂದಿರುಗಿ. ‘ಸೊತೊಪೋರ್ತೆಗೊ’ ಮನೆಯ ಕೆಳಗೆ ಹಾದುಹೋಗುವ ತಗ್ಗು ದಾರಿ, ಎತ್ತರದವರು ತಲೆ ಬಗ್ಗಿಸಬೇಕು. ‘ರಿಯೊ ತೆರಾ’ ಮುಚ್ಚಿದ ಕಾಲುವೆ, ಅಗಲವಾಗಿ, ಬೆಳಕಾಗಿ ಇರುತ್ತದೆ. ಒಬ್ಬರೇ ನಡೆಯುವಾಗ ಇಕ್ಕಟ್ಟಿನ ಓಣಿಗಿಂತ ಅದನ್ನು ಆರಿಸಿಕೊಳ್ಳಿ.

‘ಪೆರ್ ರಿಯಾಲ್ತೊ’, ‘ಪೆರ್ ಸಾನ್ ಮಾರ್ಕೊ’, ‘ಅಲ್ಲಾ ಫೆರೊವಿಯಾ’, ‘ಪಿಯಾತ್ಸಾಲೆ ರೋಮಾ’ ಎಂಬ ಬಾಣದ ಗುರುತಿನ ಫಲಕಗಳು ಮುಖ್ಯ ತಿರುವುಗಳಲ್ಲಿ ಇವೆ. ಫೆರೊವಿಯಾ ರೈಲು ನಿಲ್ದಾಣ, ಪಿಯಾತ್ಸಾಲೆ ರೋಮಾ ಬಸ್ಸು ಮತ್ತು ಟ್ರಾಮಿನ ಜಾಗ. ಎಷ್ಟು ದಾರಿ ತಪ್ಪಿದರೂ ಇವುಗಳಲ್ಲಿ ಒಂದು ಕಣ್ಣಿಗೆ ಬೀಳುವವರೆಗೆ ನಡೆದರೆ ಸಾಕು, ಊರು ಚಿಕ್ಕದು. ಜಿಪಿಎಸ್ ಇಲ್ಲಿ ಕೈಕೊಡುವುದಕ್ಕೆ ಕಾರಣವಿದೆ: ಇಕ್ಕಟ್ಟಿನ ಓಣಿಯಲ್ಲಿ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ, ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ತಡವಾಗಿ ಬರುತ್ತದೆ, ನೀಲಿ ಚುಕ್ಕೆ ಪಕ್ಕದ ಓಣಿಗೆ ಜಿಗಿಯುತ್ತದೆ. ಕನ್ನರೆಜೊದ ಕಲ್ಲೆತ್ತಾ ವರೀಸ್ಕೊದ ಅತಿ ಕಿರಿದಾದ ಜಾಗ 53 ಸೆಂ.ಮೀ. ಮಾತ್ರ. ಅಂಥಲ್ಲಿ ನಕ್ಷೆಯನ್ನು ನಂಬಲಾಗದು. ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ, ಚುಕ್ಕೆಯನ್ನು ಕಾಂಪೊಗೆ ಬಂದಾಗಲಷ್ಟೇ ನಂಬಿ.

ಬೀದಿ ಮೂಲೆಗಳಲ್ಲಿ ಗೋಡೆಯೊಳಗೆ ಕೂರಿಸಿದ ಪುಟ್ಟ ಮೇರಿಯಮ್ಮನ ಗೂಡುಗಳನ್ನು ಗಮನಿಸಿ. ಇಂಥ ಗೂಡುಗಳ ಮುಂದಿನ ಎಣ್ಣೆ ದೀಪವೇ ಎಷ್ಟೋ ಕಾಲ ಓಣಿಗಳ ಬೆಳಕಾಗಿತ್ತು. ಊರಿಗೆ ಸಾಲುದೀಪ ಬಂದದ್ದು 18ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಉಳ್ಳವರು ಲಾಟೀನು ಹಿಡಿಯುವ ಆಳನ್ನು ಬಾಡಿಗೆಗೆ ಕರೆದುಕೊಂಡು ನಡೆಯುತ್ತಿದ್ದರು, ಆ ಕಸುಬಿನವರಿಗೆ ಕೊದೆಗಾ ಎಂದು ಹೆಸರು. ಲಾಟೀನು ಮಾಡುವವರ ಹೆಸರು ಸಾನ್ ಮಾರ್ಕೊ ಹತ್ತಿರದ ಪೊಂತೆ ದೆಯ್ ಫೆರಾಲಿ ಸೇತುವೆಯಲ್ಲಿ ಉಳಿದಿದೆ.

ಮೊದಲ ರಾತ್ರಿಗೆ ಒಂದು ದಾರಿ

ಸಾನ್ ಮಾರ್ಕೊದಿಂದ ಶುರು ಮಾಡಬೇಡಿ. ಸಂಜೆ ಏಳಕ್ಕೆ ಅಲ್ಲಿ ಜನ ಇನ್ನೂ ಇರುತ್ತಾರೆ, ಅದನ್ನು ಕೊನೆಗೆ ಇಟ್ಟುಕೊಂಡರೆ ಹನ್ನೊಂದರ ನಂತರ ಚೌಕ ಹೆಚ್ಚುಕಡಿಮೆ ನಿಮ್ಮದೇ. ರೈಲು ನಿಲ್ದಾಣದಿಂದ ಹೊರಟು ಕನ್ನರೆಜೊ ಮೂಲಕ ರಿಯಾಲ್ತೊ, ಅಲ್ಲಿಂದ ಸಾನ್ ಮಾರ್ಕೊ, ಬಳಿಕ ದೋಣಿಯಲ್ಲಿ ವಾಪಸ್. ನಡಿಗೆ ಸುಮಾರು ನಾಲ್ಕು ಕಿಲೋಮೀಟರ್. ನಿಂತು ನೋಡುತ್ತ, ಊಟ ಮಾಡಿ ಹೋದರೆ ಮೂರೂವರೆ ಗಂಟೆ ಬೇಕು.

ಸಾಂತಾ ಲುಚಿಯಾ ನಿಲ್ದಾಣದ ಹೊರಗೆ ಎಡಕ್ಕೆ ತಿರುಗಿ ಲಿಸ್ತಾ ದಿ ಸ್ಪಾನ್ಯಾ ಹಿಡಿಯಿರಿ. ಇಲ್ಲಿನ ಅಂಗಡಿ, ಹೋಟೆಲುಗಳಲ್ಲಿ ನಿಲ್ಲುವಂಥದ್ದೇನಿಲ್ಲ. ನಾಲ್ಕು ಮೂಲೆಗೂ ಚೂಪು ಕಲ್ಲುಕಂಬಗಳಿರುವ ಗುಲ್ಯೆ ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ಬಲಗಡೆ ಒಂದು ತಗ್ಗು ಸೊತೊಪೋರ್ತೆಗೊ ಇದೆ. ಅದು ಯಹೂದಿಗಳ ಗೆತ್ತೊಗೆ ಬಾಗಿಲು. ಒಳಹೋಗುವ ಮುಂಚೆ ಪಕ್ಕದ ಕಲ್ಲಿನ ಚೌಕಟ್ಟಿಗೆ ಟಾರ್ಚು ಬಿಟ್ಟು ಹತ್ತಿರದಿಂದ ನೋಡಿ: ಬಾಗಿಲಿನ ಕೀಲುಗಳಿದ್ದ ಗುರುತು ಕಲ್ಲಿನಲ್ಲಿ ಈಗಲೂ ಉಳಿದಿದೆ. 1516ರಲ್ಲಿ ಯಹೂದಿಗಳೆಲ್ಲ ಇಲ್ಲೇ ಇರಬೇಕೆಂದು ಆಜ್ಞೆಯಾಯಿತು. ಪ್ರತಿ ರಾತ್ರಿ ಬಾಗಿಲು ಹಾಕಿ ಕಾವಲು ಇಡುತ್ತಿದ್ದರು, ಸುತ್ತಲ ಕಾಲುವೆಯಲ್ಲಿ ಕಾವಲು ದೋಣಿ ಸುತ್ತುತ್ತಿತ್ತು. ಆ ಕಾವಲಿನ ಖರ್ಚನ್ನೂ ಒಳಗಿದ್ದವರೇ ಕೊಡಬೇಕಿತ್ತು. 1797ರಲ್ಲಿ ಫ್ರೆಂಚ್ ಸೈನ್ಯ ಬಂದ ಮೇಲಷ್ಟೇ ಬಾಗಿಲು ಕಿತ್ತರು. ಹಗಲಲ್ಲಿ ಪ್ರವಾಸಿ ಗುಂಪುಗಳ ನಡುವೆ ಈ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಗಿಲು ಹಾಕುತ್ತಿದ್ದದ್ದು ಇದೇ ಹೊತ್ತಿಗೆ ಎಂಬುದು ತಿಳಿದು ಅಲ್ಲಿ ನಿಂತರೆ ಆ ಕಲ್ಲಿನ ತೂಕ ಬೇರೆ. ಒಳಗಿನ ಕಾಂಪೊ ಸುತ್ತಲ ಮನೆಗಳು ಊರಿನ ಉಳಿದ ಮನೆಗಳಿಗಿಂತ ಎತ್ತರ. ಅಗಲಿಸಲು ಜಾಗವಿಲ್ಲದೆ ಜನ ಮೇಲಕ್ಕೆ ಕಟ್ಟುತ್ತ ಹೋದರು. ಅಂತಸ್ತು ಹೆಚ್ಚಿಸಲು ಮಾಳಿಗೆ ತಗ್ಗಿಸಿದ್ದನ್ನು ಕಿಟಕಿ ಸಾಲುಗಳ ಒತ್ತಿನಲ್ಲೇ ಎಣಿಸಬಹುದು. ಇಲ್ಲಿ ಈಗಲೂ ಪೂಜೆ ನಡೆಯುವ ಮಂದಿರಗಳಿವೆ, ಶುಕ್ರವಾರ ಸಂಜೆ ಜನರ ಫೋಟೊ ತೆಗೆಯಬೇಡಿ.

ಕಾಂಪೊದ ಉತ್ತರಕ್ಕಿರುವ ಸೇತುವೆ ದಾಟಿ ಬಲಕ್ಕೆ ಹೊರಳಿದರೆ ಫೊಂದಮೆಂತಾ ದೆಲಿ ಓರ್ಮೆಸಿನಿ, ಅದರ ಮುಂದುವರಿಕೆ ಮಿಸೆರಿಕೋರ್ದಿಯಾ. ರಾತ್ರಿ ಊಟ, ಪಾನೀಯಕ್ಕೆ ಊರವರೂ ಬರುವ ಜಾಗ ಇದು, ಇಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ. ನಡುವೆ ಎಡಕ್ಕೆ ಒಂದು ಕಾಲುವೆಯಾಚೆ ಹೋದರೆ ಕಾಂಪೊ ದೆಯ್ ಮೋರಿ, ಮೂಲೆಯಲ್ಲಿ ಸಿಯೊರ್ ರಿಯೊಬಾ ಎಂಬ ವರ್ತಕನ ಕಬ್ಬಿಣದ ಮೂಗಿನ ಕಲ್ಲುಪ್ರತಿಮೆ ನಿಂತಿದೆ. ಪಕ್ಕದಲ್ಲೇ ಚಿತ್ರಕಾರ ತಿಂತೊರೆತ್ತೊ ಬಾಳಿದ ಮನೆ. ವಾಪಸ್ ಬಂದು ಮಿಸೆರಿಕೋರ್ದಿಯಾ ಮುಗಿಯುವ ಕಡೆ ರಿಯೊ ದಿ ಸಾನ್ ಫೆಲಿಚೆ ಮೇಲೆ ಪೊಂತೆ ಕಿಯೊದೊ ಸಿಗುತ್ತದೆ. ಹಿಂದೆ ಊರಿನ ಹೆಚ್ಚಿನ ಸೇತುವೆಗಳಿಗೆ ಕಟಕಟೆಯೇ ಇರಲಿಲ್ಲ, ಆ ಸ್ಥಿತಿಯಲ್ಲೇ ಉಳಿದಿರುವ ಒಂದೆರಡರಲ್ಲಿ ಇದೊಂದು. ಕತ್ತಲಲ್ಲಿ ಮೇಲೆ ಹತ್ತುವ ಸಾಹಸ ಬೇಡ. ದಂಡೆಯಿಂದಲೇ ನೋಡಿ.

ಅಲ್ಲಿಂದ ದಕ್ಷಿಣಕ್ಕೆ ಸ್ತ್ರಾದಾ ನೋವಾ ಸೇರಿ, ಎಡಕ್ಕೆ ಸಾಂತಿ ಅಪೊಸ್ತೊಲಿ ದಾಟಿ, ಫಲಕ ಹಿಡಿದು ರಿಯಾಲ್ತೊ. ಅಂತೊನಿಯೊ ದಾ ಪೊಂತೆ ಕಟ್ಟಿದ ಈ ಕಲ್ಲು ಸೇತುವೆ 1591ರಲ್ಲಿ ಮುಗಿಯಿತು. ಊರಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ದಾಟಲು 19ನೇ ಶತಮಾನದ ನಡುಭಾಗದವರೆಗೂ ಇದ್ದದ್ದು ಇದೊಂದೇ ಸೇತುವೆ. ರಾತ್ರಿ ಅಂಗಡಿ ಮುಚ್ಚಿರುತ್ತವೆ, ಹೊರಬದಿಯ ಮೆಟ್ಟಿಲ ಸಾಲಿನಿಂದ ಕಾಲುವೆ ಚೆನ್ನಾಗಿ ಕಾಣುತ್ತದೆ. ಆಚೆ ದಡದಲ್ಲಿದ್ದ ಮಾರುಕಟ್ಟೆಗೆ ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು ಬರುತ್ತಿತ್ತು. ಲಗೂನಿನ ದಕ್ಷಿಣ ತುದಿಯ ಕಿಯೊಜ್ಜಾದ ವರ್ತಕ ನಿಕೊಲೊ ದೆ ಕೊಂತಿ 1420ರ ಸುಮಾರಿಗೆ ವಿಜಯನಗರ ನೋಡಿ ವಿವರ ಹೇಳಿದವನು. ತಾಳಿಕೋಟೆ ಯುದ್ಧ ಮುಗಿದ ಎರಡು ವರ್ಷಕ್ಕೆ, 1567ರಲ್ಲಿ, ಹಾಳು ಬಿದ್ದ ಅದೇ ಊರನ್ನು ಕಂಡ ಚೆಸರೆ ಫೆದೆರಿಚಿಯೂ ವೆನಿಸಿನ ವರ್ತಕ. ಹಂಪಿ ನೋಡಿದವರು ರಿಯಾಲ್ತೊ ದಂಡೆಯಲ್ಲಿ ಹತ್ತು ನಿಮಿಷ ಹೆಚ್ಚು ನಿಲ್ಲಬೇಕು.

ಸೇತುವೆಯಿಂದ ಕಾಂಪೊ ಸಾನ್ ಬರ್ತೊಲೊಮೆಯೊಗೆ ಇಳಿದು ಮೆರ್ಚೆರಿಯೆ ಎಂಬ ಅಂಗಡಿ ಬೀದಿ ಹಿಡಿದರೆ, ಅದು 1499ರ ಗಡಿಯಾರ ಗೋಪುರದ ಕೆಳಗೆ ಹಾದು ನೇರ ಸಾನ್ ಮಾರ್ಕೊ ಚೌಕಕ್ಕೆ ಬಿಡುತ್ತದೆ. ಚೌಕ ಪ್ರವೇಶಿಸಲು ಇದೇ ಸರಿಯಾದ ಬಾಗಿಲು. ಕತ್ತಲ ಓಣಿಯಿಂದ ಒಮ್ಮೆಗೇ ಬಯಲು ತೆರೆದುಕೊಳ್ಳುತ್ತದೆ. ಗೋಪುರದ ಮೇಲೆ ಇಬ್ಬರು ಕಂಚಿನ ಆಳುಗಳು ಗಂಟೆ ಬಡಿಯುವುದನ್ನು ನೋಡಬೇಕಾದರೆ ಗಂಟೆಗೆ ಎರಡು ನಿಮಿಷ ಮುಂಚೆ ತಲುಪಿ. ಎದುರಿನ 98.6 ಮೀಟರ್ ಎತ್ತರದ ಗಂಟೆಗೋಪುರ 1902ರ ಜುಲೈ 14ರಂದು ಕುಸಿದು, 1912ರಲ್ಲಿ ಮತ್ತೆ ಎದ್ದದ್ದು. 1720ರಿಂದ ನಡೆಯುತ್ತಿರುವ ಫ್ಲೋರಿಯಾನ್ ಸೇರಿದಂತೆ ಚೌಕದ ಕೆಫೆಗಳಲ್ಲಿ ವಾದ್ಯಗೋಷ್ಠಿ ಇರುವ ರಾತ್ರಿ ಕೂತರೆ, ಸಂಗೀತಕ್ಕೆಂದೇ ತಲೆಗೆ ಇಷ್ಟು ಅಂತ ಬಿಲ್ಲಿನಲ್ಲಿ ಬೇರೆ ಸೇರುತ್ತದೆ. ನಿಂತು ಕೇಳಿದರೆ ಕಾಸಿಲ್ಲ. ನೆಲದ ಮೇಲೆ, ಮೆಟ್ಟಿಲ ಮೇಲೆ ಕೂತು ತಿನ್ನುವುದಕ್ಕೆ ದಂಡವಿದೆ. ಕಾಲುವೆಯಲ್ಲಿ ಈಜುವುದಕ್ಕೂ ಇದೆ. 2024ರಿಂದ 25ಕ್ಕಿಂತ ಹೆಚ್ಚು ಜನರ ಪ್ರವಾಸಿ ಗುಂಪು, ಗೈಡುಗಳ ಧ್ವನಿವರ್ಧಕ ಎರಡನ್ನೂ ನಿಷೇಧಿಸಿದ್ದಾರೆ. ದೊಡ್ಡ ಗುಂಪಾಗಿ ಬರುವವರು ಎರಡು ತಂಡವಾಗಿ ನಡೆಯಿರಿ.

ಎರಡನೇ ರಾತ್ರಿ ಸಿಕ್ಕರೆ ದೊರ್ಸೊದೂರೊಗೆ ಹೋಗಿ. ಕಾಂಪೊ ಸಾಂತಾ ಮರ್ಗೆರಿತಾದಲ್ಲಿ ವಿದ್ಯಾರ್ಥಿಗಳ ಗದ್ದಲ, ಪಕ್ಕದ ಪೊಂತೆ ದೆಯ್ ಪೂನ್ಯಿಯ ನೆತ್ತಿಯಲ್ಲಿ ಹಿಂದಿನ ಮುಷ್ಟಿಕಾಳಗದವರು ಕಾಲಿಡುತ್ತಿದ್ದ ಬಿಳಿ ಕಲ್ಲಿನ ಪಾದದ ಗುರುತು, ಕೊನೆಗೆ ಜತ್ತೆರೆ ದಂಡೆಯ ಉದ್ದದ ನಡಿಗೆ. ಬುರಾನೊ, ತೊರ್ಚೆಲ್ಲೊ ದ್ವೀಪಗಳನ್ನು ರಾತ್ರಿಗೆ ಇಟ್ಟುಕೊಳ್ಳಬೇಡಿ, ವಾಪಸ್ ದೋಣಿ ತೀರ ವಿರಳ.

ದೋಣಿ, ಟಿಕೆಟ್ಟು

ವಪೊರೆತ್ತೊ ಎಂಬ ಸಾರ್ವಜನಿಕ ದೋಣಿಗೆ 75 ನಿಮಿಷದ ಟಿಕೆಟ್ 9.50 ಯೂರೊ, 24 ಗಂಟೆಯದು 25 ಯೂರೊ (2025ರ ದರ). ಮೂರು ಸಲ ಹತ್ತುವುದಿದ್ದರೆ 24 ಗಂಟೆಯದೇ ಅಗ್ಗ. ರಾತ್ರಿ ಟಿಕೆಟ್ ಕಿಟಕಿ ಮುಚ್ಚಿರುತ್ತದೆ, ಸಂಜೆಯೇ ಯಂತ್ರದಲ್ಲೋ ಆ್ಯಪಿನಲ್ಲೋ ಕೊಂಡಿಡಿ. ಪ್ರತಿ ಸಲ ಹತ್ತುವ ಮುಂಚೆ ಕಟ್ಟೆಯ ಯಂತ್ರಕ್ಕೆ ಮುಟ್ಟಿಸಬೇಕು. ಹಣ ಕೊಟ್ಟು ಕೊಂಡ ಟಿಕೆಟ್ ಜೇಬಲ್ಲಿದ್ದರೂ ಮುಟ್ಟಿಸದಿದ್ದರೆ ದಂಡ.

ನಡುರಾತ್ರಿ ಆದ ಮೇಲೆ ಓಡುವುದು ‘ಎನ್’ ದೋಣಿ. ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ಹೋಗುವುದರಿಂದ ಇದೇ ಇಡೀ ರಾತ್ರಿಯ ಒಳ್ಳೆಯ ನೋಟ: 3.8 ಕಿಲೋಮೀಟರ್ ಕಾಲುವೆ, ಎರಡೂ ಬದಿಗೆ ಅರಮನೆಗಳು, ಕೆಲವು ಕಿಟಕಿಗಳಲ್ಲಿ ಮುರಾನೊ ಗಾಜಿನ ತೂಗುದೀಪ ಉರಿಯುತ್ತಿರುತ್ತದೆ. ಹೊರಗಿನ ಸೀಟು ಹಿಡಿಯಿರಿ. ಸಾನ್ ಮಾರ್ಕೊ ಹತ್ತಿರದ ಸಾನ್ ಜಕ್ಕರಿಯಾ ನಿಲ್ದಾಣದಲ್ಲಿ ಹತ್ತುವಾಗ ಹೆಚ್ಚಿನವರು ತಪ್ಪುವುದು ದಿಕ್ಕಿನಲ್ಲಿ. ಅದೇ ‘ಎನ್’ ಒಂದು ಕಡೆ ಗ್ರ್ಯಾಂಡ್ ಕೆನಾಲ್ ಮೂಲಕ, ಇನ್ನೊಂದು ಕಡೆ ಜುದೆಕ್ಕಾ ದ್ವೀಪದ ಮೂಲಕ ಹೋಗುತ್ತದೆ, ಕಟ್ಟೆಯೂ ಬೇರೆ. ಫಲಕದಲ್ಲಿ ರಿಯಾಲ್ತೊ ಹೆಸರಿದೆಯೇ ನೋಡಿ, ಹತ್ತುವಾಗ ಹಗ್ಗ ಹಿಡಿದವರನ್ನು ‘ರಿಯಾಲ್ತೊ?’ ಎಂದು ಕೇಳಿ. ದಟ್ಟ ಮಂಜಿನಲ್ಲೂ ದೊಡ್ಡ ಉಬ್ಬರದಲ್ಲೂ ಕೆಲವು ದೋಣಿಗಳ ದಾರಿ ಬದಲಾಗುತ್ತದೆ. ನೀರು ಏರಿದಾಗ ತಗ್ಗು ಸೇತುವೆಗಳ ಕೆಳಗೆ ದೋಣಿ ಹಿಡಿಸುವುದಿಲ್ಲ.

ಗೊಂದೋಲಾಕ್ಕೆ ನಗರಸಭೆ ನಿಗದಿ ಮಾಡಿದ ದರ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೊ, ಸಂಜೆ 7ರ ನಂತರ 35 ನಿಮಿಷಕ್ಕೆ 110. ದರ ತಲೆಗಲ್ಲ, ದೋಣಿಗೆ. ಐದು ಜನ ಕೂರಬಹುದು, ಹಂಚಿಕೊಂಡರೆ ಹೊರೆಯಲ್ಲ. ಹತ್ತುವ ಮುಂಚೆ ‘ಸಣ್ಣ ಕಾಲುವೆಗಳಲ್ಲಿ’ ಎಂದು ಹೇಳಿ ಒಪ್ಪಿಸಿ. ರಾತ್ರಿ ಆ ಒಳಗಾಲುವೆಗಳೇ ಚೆಂದ. ತಿರುವಿಗೆ ಬಂದಾಗ ಅಂಬಿಗ ‘ಓಯೆ’ ಎಂದು ಕೂಗುವುದು ಆಚೆಯಿಂದ ಬರುವ ದೋಣಿಗೆ ಎಚ್ಚರಿಕೆ.

ಊಟ, ಸಸ್ಯಾಹಾರಿಗಳಿಗೆ

ಹತ್ತು ಗಂಟೆಯ ಹೊತ್ತಿಗೆ ಹೆಚ್ಚಿನ ಅಡುಗೆಮನೆ ಮುಚ್ಚುತ್ತವೆ. ಹನ್ನೊಂದಕ್ಕೆ ಏನಾದರೂ ಸಿಕ್ಕೇಸಿಗುತ್ತದೆ ಅಂದುಕೊಂಡರೆ ಹಸಿದು ಮಲಗಬೇಕಾದೀತು. 8ರಿಂದ 9ರೊಳಗೆ ತಿಂದುಬಿಡಿ. ಬಾಕರೊ ಎಂಬ ಸಣ್ಣ ಅಂಗಡಿಗಳಲ್ಲಿ ಚಿಕೆತ್ತಿ, ಅಂದರೆ ಬ್ರೆಡ್ಡಿನ ತುಂಡಿನ ಮೇಲೆ ಏನಾದರೂ ಇಟ್ಟ ತಿಂಡಿ, ಗಾಜಿನೊಳಗೆ ಜೋಡಿಸಿರುತ್ತಾರೆ, ಬೊಟ್ಟು ಮಾಡಿ ತೆಗೆದುಕೊಳ್ಳಬಹುದು. ಸಸ್ಯಾಹಾರಿಗಳು ಕಣ್ಣಿಗೆ ಮೋಸ ಹೋಗಬಾರದು. ಬೆಣ್ಣೆಯಂತೆ ಬೆಳ್ಳಗೆ ಕಾಣುವ ಬಕ್ಕಲಾ ಮಂತೆಕಾತೊ ಒಣಮೀನು ಕಡೆದು ಮಾಡಿದ್ದು. ಈರುಳ್ಳಿ ತುಂಬಿದ ಸಾರ್ದೆ ಇನ್ ಸಾವೋರ್ ಒಳಗಿರುವುದು ಬೂತಾಯಿ ಜಾತಿಯ ಮೀನು. ಕರಿದ ಮೊಝರೆಲ್ಲಾ ಬ್ರೆಡ್ಡಿನೊಳಗೆ ಅಂಚೊವಿ ಮೀನು ಇರಬಹುದು. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’ ಎಂದು ಎರಡನ್ನೂ ಹೇಳಬೇಕು, ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಬದನೆ, ರದಿಕ್ಕಿಯೊ ಸೊಪ್ಪು, ಗಿಣ್ಣಿನವು ಸಾಮಾನ್ಯವಾಗಿ ಸಿಗುತ್ತವೆ. ಕೂತು ಊಟ ಮಾಡಿದರೆ ‘ಕೊಪೆರ್ತೊ’ ಎಂದು ತಲೆಗೆ ಕೆಲವು ಯೂರೊ ಬಿಲ್ಲಿಗೆ ಸೇರುವುದು ಅಲ್ಲಿನ ಪದ್ಧತಿ.

ನೀರಿನ ಬಾಟಲಿ ಖಾಲಿಯಾದರೆ ಕಾಂಪೊಗಳ ನಲ್ಲಿಯಲ್ಲಿ ತುಂಬಿಸಿಕೊಳ್ಳಿ, ಕುಡಿಯಲು ಯೋಗ್ಯ. ಸಾರ್ವಜನಿಕ ಶೌಚಾಲಯಗಳು ಸಂಜೆಯೇ ಮುಚ್ಚುವುದರಿಂದ ಊಟ ಮಾಡಿದ ಜಾಗದಲ್ಲೇ ಮುಗಿಸಿಕೊಂಡು ಹೊರಡಿ. ಬೇಸಿಗೆಯಲ್ಲಿ ಸೊಳ್ಳೆ ಕಾಟ ನಿಜಕ್ಕೂ ಇದೆ.

ಫೋಟೊ

ಸೂರ್ಯ ಮುಳುಗಿ 20ರಿಂದ 40 ನಿಮಿಷದವರೆಗೆ ಆಕಾಶ ಕಡುನೀಲಿಯಾಗಿ ದೀಪಗಳೂ ಹೊತ್ತಿರುತ್ತವೆ, ಒಳ್ಳೆಯ ಫೋಟೊ ಆಗಲೇ. ಟ್ರೈಪಾಡ್ ಇದ್ದವರು ಐಎಸ್‌ಒ 100, ಎಫ್/8, 8ರಿಂದ 15 ಸೆಕೆಂಡಿನಿಂದ ಶುರು ಮಾಡಿ. ಚಿತ್ರ ಕಲೆಸಿಹೋಗುವುದಕ್ಕೆ ಎರಡು ಕಾರಣ: ದೋಣಿ ನಿಲ್ದಾಣದ ಕಟ್ಟೆ ತೇಲುವಂಥದ್ದು, ಅದರ ಮೇಲೆ ಟ್ರೈಪಾಡ್ ಇಟ್ಟರೆ ಪ್ರಯೋಜನವಿಲ್ಲ. ಅಕ್ಕದೆಮಿಯಾ ಸೇತುವೆಯ ನಡೆದಾರಿ ಮರದ್ದು, ಯಾರಾದರೂ ನಡೆದರೂ ಅದುರುತ್ತದೆ, ಜನ ದಾಟಿ ಹೋದ ಮೇಲೆ ಬಟನ್ ಒತ್ತಿ. ಕಲ್ಲಿನ ದಂಡೆಯೇ ಭದ್ರ. ಕಾಲುವೆಯಲ್ಲಿ ದೋಣಿ ಹೋದ ಮೇಲೆ ಅಲೆ ತಣಿಯಲು ಒಂದೆರಡು ನಿಮಿಷ ಕಾದರೆ ಪ್ರತಿಬಿಂಬ ನಿಲ್ಲುತ್ತದೆ. ಫೋನಿನವರು ನೈಟ್ ಮೋಡ್ ಹಾಕಿ, ಕೈಯನ್ನು ಸೇತುವೆ ಕಟ್ಟೆಗೆ ಆನಿಸಿದರೆ ಸಾಕು. ಫೋನಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳಿ, ನೀರಿಗೆ ಬಿದ್ದದ್ದು ಸಿಗುವುದಿಲ್ಲ.

ವಾಪಸ್ ಹೋಗುವಾಗ

ಮೇಸ್ತ್ರೆಯಲ್ಲಿ ಉಳಿದವರು ಕೊನೆಯ ರೈಲಿನ ಸಮಯವನ್ನು ಸಂಜೆಯೇ ನೋಡಿಡಬೇಕು. ಸಾಂತಾ ಲುಚಿಯಾದಿಂದ ಹತ್ತೇ ನಿಮಿಷದ ಪ್ರಯಾಣ, ಆದರೆ ನಡುರಾತ್ರಿಯ ನಂತರ ರೈಲು ಬೆಳಗಿನ ಜಾವದವರೆಗೆ ಇಲ್ಲ. ರಾತ್ರಿ ನಿಲ್ದಾಣದ ಒಳಗೆ ಕೂತು ಕಳೆಯುತ್ತೇವೆ ಅನ್ನುವ ಯೋಜನೆ ನಡೆಯುವುದಿಲ್ಲ. ರೈಲು ತಪ್ಪಿದರೆ ಪಿಯಾತ್ಸಾಲೆ ರೋಮಾಕ್ಕೆ ಹೋಗಿ, ಅಲ್ಲಿಂದ ಮೇಸ್ತ್ರೆಗೆ ರಾತ್ರಿ ಬಸ್ಸುಗಳಿವೆ. ನಿಲ್ದಾಣದಿಂದ ಕಾನ್ಸ್ತಿತುತ್ಸಿಯೊನೆ ಸೇತುವೆ ದಾಟಿದರೆ ಐದಾರು ನಿಮಿಷದ ನಡಿಗೆ. 2008ರಲ್ಲಿ ತೆರೆದ ಆ ಸೇತುವೆಯ ಮೆಟ್ಟಿಲುಗಳ ಅಗಲ ಒಂದೇ ಸಮ ಇಲ್ಲದ್ದರಿಂದ, ಒದ್ದೆಯಾದಾಗ ಜಾರುತ್ತಿದ್ದದ್ದರಿಂದ ಎಷ್ಟೋ ಜನ ಬಿದ್ದರು. ಗಾಜಿನ ಮೆಟ್ಟಿಲನ್ನು ಕಲ್ಲಿಗೆ ಬದಲಾಯಿಸಲು ಹೊರಟದ್ದೂ ಅದಕ್ಕೇ. ಬಸ್ಸು ಕಂಡಿತೆಂದು ಅಲ್ಲಿ ಓಡಬೇಡಿ, ಕಟಕಟೆ ಹಿಡಿದು ಇಳಿಯಿರಿ.